ಬಣ್ಣ ತಿರುಗುವ ಕೇಕ್ ನೂಲು: ಬೇಡಿಕೆಯ ಕಾರಣ, ಹೆಣಿಗೆಯ ಲೆಕ್ಕ

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಕ್ರೋಶಾ ಮತ್ತು ಉಲ್ಲನ್ ಹೆಣಿಗೆ ಕಲಿಸುತ್ತೇನೆ, ಸಣ್ಣಪುಟ್ಟ ಆರ್ಡರುಗಳನ್ನೂ ಮಾಡಿಕೊಡುತ್ತೇನೆ. ಈಚೆಗೆ ಕಲಿಯಲು ಬರುವವರೆಲ್ಲ ಬಣ್ಣದಿಂದ ಬಣ್ಣಕ್ಕೆ ತಿರುಗುತ್ತ ಹೋಗುವ ಗ್ರೇಡಿಯಂಟ್ ಕೇಕ್ ನೂಲನ್ನೇ ಕೇಳುತ್ತಾರೆ. ಅದಕ್ಕೆ ಇಷ್ಟೊಂದು ಬೇಡಿಕೆ ಏಕೆ? ಆರು ಬಣ್ಣದ ಒಂದು ಕೇಕ್ ತರಿಸಿ ತ್ರಿಕೋನ ಶಾಲು ಹೆಣೆದೆ. ಮೊದಲ ಬಣ್ಣವೇ ಹೆಚ್ಚುಕಡಿಮೆ ಅರ್ಧ ಶಾಲು ತುಂಬಿತು. ಕೊನೆಯ ಬಣ್ಣ ನಾಲ್ಕು ಬೆರಳಿನ ಪಟ್ಟಿಯಾಗಿ ಮುಗಿಯಿತು. ನೂಲಿನಲ್ಲಿ ಅಲ್ಲಲ್ಲಿ ಗಂಟುಗಳೂ ಇದ್ದವು. ದೋಷ ನೂಲಿನದೋ, ನನ್ನ ಕೈಯದೋ? ನಮ್ಮ ಬಿಸಿಲಿನ ಊರಿಗೆ ಎಂಥ ನೂಲು ಒಳ್ಳೆಯದು? ಮಗುವಿನ ಕುಂಚಿಗೆಗೆ ಇದನ್ನು ಬಳಸಬಹುದೇ?

ಉತ್ತರ: ದೋಷ ನೂಲಿನದೂ ಅಲ್ಲ, ನಿಮ್ಮ ಕೈಯದೂ ಅಲ್ಲ. ಕೇಕ್ ನೂಲಿನಲ್ಲಿ ಬಣ್ಣಗಳನ್ನು ನೂಲಿನ ಉದ್ದಕ್ಕೆ ಅನುಗುಣವಾಗಿ ಹಂಚಿರುತ್ತಾರೆ, ಹೆಣೆಯುವವರು ಮಾತ್ರ ಅವು ಸಾಲುಗಳ ಲೆಕ್ಕದಲ್ಲಿ ಬರುತ್ತವೆಂದು ಎಣಿಸಿರುತ್ತಾರೆ. ಸಾಲಿನ ಅಗಲ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿದ್ದರೆ ಈ ಎರಡು ಲೆಕ್ಕಗಳು ಕೂಡುತ್ತವೆ, ಅಗಲ ಬದಲಾದ ಕೂಡಲೇ ಬೇರೆಬೇರೆಯಾಗುತ್ತವೆ. ಈ ನೂಲಿನ ಸೊಗಸೂ ಅದರ ತೊಡಕೂ ಇದೊಂದೇ ಸಂಗತಿಯಿಂದ ಹುಟ್ಟಿದವು. ಆದ್ದರಿಂದ ನಿಮ್ಮ ಪ್ರಶ್ನೆಗಳನ್ನು ಬಿಡಿಸಿ ಉತ್ತರಿಸದೆ ಒಂದಕ್ಕೊಂದು ಜೋಡಿಸಿಯೇ ಉತ್ತರಿಸುತ್ತೇನೆ.

ಮೊದಲು ನೂಲಿನ ಜಾತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಅಂಗಡಿಗಳಲ್ಲಿ ಒಂದಕ್ಕಿಂತ ಹೆಚ್ಚು ಬಣ್ಣವಿರುವ ಎಲ್ಲ ನೂಲನ್ನೂ ‘ಮಲ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಕೆಲವು ಬೆರಳಿನಷ್ಟು ಅಂತರಕ್ಕೊಮ್ಮೆ ಬಣ್ಣ ಬದಲಾಗುವ ನೂಲು ಒಂದು ಬಗೆ. ಅದನ್ನು ಹೆಣೆದಾಗ ಬಣ್ಣಗಳು ಚುಕ್ಕೆಚುಕ್ಕೆಯಾಗಿ ಹರಡುತ್ತವೆ, ಕೆಲವೊಮ್ಮೆ ಒಂದೇ ಕಡೆ ಗುಂಪುಗೂಡಿ ಕಲೆಯಂತೆ ಕಾಣುತ್ತವೆ. ಹಲವು ಮೀಟರಿಗೊಮ್ಮೆ ಬದಲಾಗಿ, ಅದೇ ಅನುಕ್ರಮ ಮತ್ತೆ ಮತ್ತೆ ಬರುವ ನೂಲು ಎರಡನೆಯದು. ಅದು ತಾನೇ ಪಟ್ಟೆಗಳನ್ನು ಮೂಡಿಸುತ್ತದೆ. ಒಂದು ಉಂಡೆಯ ಒಳತುದಿಯಿಂದ ಹೊರತುದಿಯವರೆಗೆ ಬಣ್ಣಗಳು ಒಂದೇ ಒಂದು ಸಲ ಸಾಗಿ ಮುಗಿಯುವ ನೂಲು ಮೂರನೆಯದು. ನಿಜವಾದ ಗ್ರೇಡಿಯಂಟ್ ಎಂದರೆ ಈ ಮೂರನೆಯದು. ಅದನ್ನು ಚಪ್ಪಟೆಯಾಗಿ, ನಡುವೆ ತೂತು ಬರುವಂತೆ ಸುತ್ತಿದಾಗ ಎಲ್ಲ ಬಣ್ಣಗಳೂ ಮೇಲ್ಭಾಗದಲ್ಲಿ ಬಳೆಬಳೆಯಾಗಿ ಕಾಣುತ್ತವೆ. ಈ ಆಕಾರದ ಉಂಡೆಗೇ ಕೇಕ್ ಎನ್ನುವುದು. ಎರಡನೆಯ ಬಗೆಯ ನೂಲನ್ನೂ ಕೇಕ್ ಆಕಾರದಲ್ಲಿ ಸುತ್ತಿ ಮಾರುತ್ತಾರಾದ್ದರಿಂದ ಆಕಾರವನ್ನಷ್ಟೇ ನೋಡಿ ಗ್ರೇಡಿಯಂಟ್ ಎಂದು ನಂಬಬಾರದು.

ಉದ್ದುದ್ದವಾಗಿ ಬಣ್ಣ ತಿರುಗುವ ನೂಲು ಹೊಸದೇನಲ್ಲ. ಜಪಾನಿನ ನೋರೋ ಕಂಪನಿಯ ಉಣ್ಣೆ ನೂಲು, ಜರ್ಮನಿಯ ಶಾಪೆಲ್ ಕಂಪನಿಯ ತ್ಸೌಬರ್‌ಬಾಲ್ ಎಂಬ ಕಾಲುಚೀಲದ ನೂಲು ಬಹಳ ಹಿಂದಿನಿಂದಲೂ ಹೆಣಿಗೆಯವರಿಗೆ ಪರಿಚಿತ. ಆದರೆ ಅವು ಉಣ್ಣೆಯ ನೂಲುಗಳು, ದುಬಾರಿ, ಹವ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡವರ ವಲಯದಲ್ಲಷ್ಟೇ ಓಡಾಡುತ್ತಿದ್ದಂಥವು. 2016ರಲ್ಲಿ ಅಮೆರಿಕದ ಮೈಕೇಲ್ಸ್ ಮಳಿಗೆಗಳಲ್ಲಿ ಕ್ಯಾರನ್ ಕೇಕ್ಸ್ ಎಂಬ ಅಕ್ರಿಲಿಕ್-ಉಣ್ಣೆ ಮಿಶ್ರಣದ ನೂಲು ಬಂದ ಮೇಲೆ ಸಾಮಾನ್ಯ ಗ್ರಾಹಕರೂ ಇದರತ್ತ ತಿರುಗಿದರು. ಅದೇ ಕಾಲದ ಆಸುಪಾಸಿನಲ್ಲಿ ನೆದರ್‌ಲೆಂಡ್ಸಿನ ಸ್ಕೇಪ್ಯೆಸ್ ಕಂಪನಿಯ ವರ್ಲ್, ಅಮೆರಿಕದ ಲಯನ್ ಬ್ರ್ಯಾಂಡ್ ಕಂಪನಿಯ ಮಂಡಲ, ಟರ್ಕಿಯ ಯಾರ್ನ್‌ಆರ್ಟ್ ಕಂಪನಿಯ ಫ್ಲವರ್ಸ್ ಹೆಸರು ಮಾಡಿದವು. ವರ್ಲ್ ಮತ್ತು ಫ್ಲವರ್ಸ್ ಎರಡೂ ಹತ್ತಿ-ಅಕ್ರಿಲಿಕ್ ಮಿಶ್ರಣದವು, ಎರಡರಲ್ಲೂ ಒಂದು ಕೇಕಿನಲ್ಲಿ 1000 ಮೀಟರ್ ನೂಲಿರುತ್ತದೆ. ಒಂದು ಕೇಕ್ ಕೊಂಡರೆ ಒಂದು ದೊಡ್ಡ ಶಾಲು ಮುಗಿಯುತ್ತದೆ ಎಂಬುದು ಖರೀದಿಗೆ ಬಹಳ ಸರಳವಾದ ಲೆಕ್ಕವಾಯಿತು.

ಬೇಡಿಕೆಗೆ ಫೋಟೋ ಒಂದು ಕಾರಣವೆಂಬುದು ನಿಜ. ಫೋನಿನ ಸಣ್ಣ ಪರದೆಯಲ್ಲಿ ಹೆಣಿಗೆಯ ನೇರ್ಪು ಕಾಣುವುದಿಲ್ಲ, ಬಣ್ಣ ಮಾತ್ರ ಎದ್ದು ಕಾಣುತ್ತದೆ. ಆದರೆ ಅದಕ್ಕಿಂತ ಬಲವಾದ ಕಾರಣಗಳು ಹೆಣೆಯುವವರ ಕೈಯಲ್ಲೇ ಇವೆ ಎಂದು ನಾನು ತಿಳಿದಿದ್ದೇನೆ. ಬಿಡಿ ಉಂಡೆಗಳಿಂದ ಇಪ್ಪತ್ತು ಸಲ ಬಣ್ಣ ಬದಲಿಸಿ ಒಂದು ಹೊದಿಕೆ ಹೆಣೆದರೆ ನಲವತ್ತೆರಡು ತುದಿಗಳು ಉಳಿಯುತ್ತವೆ. ಅವನ್ನೆಲ್ಲ ಸೂಜಿಗೆ ಪೋಣಿಸಿ ಹಿಂಬದಿಯಲ್ಲಿ ಮುಚ್ಚುವ ಕೆಲಸಕ್ಕೆ ಬೇಸತ್ತು ಅರ್ಧಕ್ಕೆ ಕೈಬಿಟ್ಟ ಹೊದಿಕೆಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಇಂದಿಗೂ ಇವೆ. ಕೇಕ್ ನೂಲಿನಲ್ಲಿ ಉಳಿಯುವುದು ಎರಡೇ ತುದಿ. ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆ ಎಂಬ ಆಯ್ಕೆಯೂ ಇದರಲ್ಲಿ ಮೊದಲೇ ಆಗಿರುತ್ತದೆ. ಹೊಸದಾಗಿ ಕಲಿಯುವವರು ಅಂಗಡಿಯಲ್ಲಿ ಗೊಂದಲಕ್ಕೆ ಬೀಳುವುದೇ ಈ ಆಯ್ಕೆಯಲ್ಲಿ. ಮೇಲಾಗಿ, ಮುಂದಿನ ಬಣ್ಣ ಹೇಗೆ ಮೂಡುತ್ತದೋ ನೋಡೋಣವೆಂಬ ಆಸೆಯಿಂದ ಕಲಿಯುವವರು ಇನ್ನೆರಡು ಸಾಲು ಹೆಚ್ಚಿಗೆ ಹೆಣೆಯುತ್ತಾರೆ. ನೀವು ಪಾಠ ಹೇಳುವವರಾದ್ದರಿಂದ ಇದರ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕೈ ಪಳಗುವವರೆಗೆ ಸಾದಾ ಸಾಲುಗಳನ್ನು ಬೇಸರವಿಲ್ಲದೆ ಹೆಣೆಸುವುದಕ್ಕೆ ಇದಕ್ಕಿಂತ ಒಳ್ಳೆಯ ನೂಲು ಇಲ್ಲ.

ಇನ್ನು ಗಂಟುಗಳ ವಿಷಯ. ಗ್ರೇಡಿಯಂಟ್ ನೂಲನ್ನು ತಯಾರಿಸುವ ಬಗೆ ಒಂದೇ ಅಲ್ಲ. ನಾರಿಗೆ ಮೊದಲೇ ಬಣ್ಣ ಹಾಕಿ, ಬೇರೆಬೇರೆ ಬಣ್ಣದ ನಾರನ್ನು ಕ್ರಮವಾಗಿ ಸೇರಿಸುತ್ತ ನೂಲುವುದು ಒಂದು ಬಗೆ. ಯಂತ್ರದಲ್ಲಿ ಸಡಿಲವಾದ ಬಟ್ಟೆ ಹೆಣೆದು, ಅದಕ್ಕೆ ಬಣ್ಣ ಬಳಿದು, ಆಮೇಲೆ ಬಿಚ್ಚಿ ಸುತ್ತುವುದು ಇನ್ನೊಂದು. ಕೈಯಿಂದ ಬಣ್ಣ ಹಾಕುವ ಸಣ್ಣ ತಯಾರಕರಲ್ಲಿ ಇದು ಬಳಕೆಯಲ್ಲಿದೆ. ನೀವು ತರಿಸಿದಂಥ ಹತ್ತಿ-ಅಕ್ರಿಲಿಕ್ ಕೇಕುಗಳು ಸಾಮಾನ್ಯವಾಗಿ ಮೂರನೆಯ ಬಗೆಯವು. ಅವುಗಳಲ್ಲಿ ಮೂರು ಅಥವಾ ನಾಲ್ಕು ಸಣ್ಣ ಎಳೆಗಳು ಹುರಿಯಿಲ್ಲದೆ ಒಟ್ಟಿಗೆ ಸಾಗುತ್ತವೆ, ಬಣ್ಣ ಬದಲಿಸಬೇಕಾದ ಕಡೆ ಆ ಎಳೆಗಳಲ್ಲಿ ಒಂದನ್ನು ಕತ್ತರಿಸಿ ಹೊಸ ಬಣ್ಣದ ಎಳೆಯನ್ನು ಗಂಟು ಹಾಕಿರುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ಎರಡನೆಯ ಎಳೆ, ಆಮೇಲೆ ಮೂರನೆಯದು, ಹೀಗೆ. ನೀವು ನೋಡಿದ ಗಂಟು ಇದೇ. ನಿಮ್ಮ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ತೋಪ ತೆನಿ ಸೆರಗು ನೇಯುತ್ತಾರಲ್ಲ, ಎಳೆಗೆ ಎಳೆ ಕೂಡಿಸಿ ಬಣ್ಣ ಬದಲಿಸುವ ಆ ಉಪಾಯವೂ ಇದೂ ಒಂದೇ ಬುದ್ಧಿಯವು. ವ್ಯತ್ಯಾಸವಿಷ್ಟೆ: ಇಳಕಲ್ಲಿನಲ್ಲಿ ಎಲ್ಲ ಎಳೆಗಳೂ ಒಂದೇ ಗೆರೆಯಲ್ಲಿ ಬದಲಾಗುತ್ತವೆ, ಆದ್ದರಿಂದ ಮೈ ಮುಗಿದು ಸೆರಗು ಶುರುವಾಗುವ ಜಾಗ ಖಚಿತವಾಗಿ ಕಾಣುತ್ತದೆ, ಕೇಕಿನಲ್ಲಿ ಒಂದೊಂದೇ ಎಳೆ ಬದಲಾಗುವುದರಿಂದ ಗೆರೆ ಕಾಣುವುದಿಲ್ಲ.

ಆದ್ದರಿಂದ ಆ ಗಂಟುಗಳನ್ನು ಕತ್ತರಿಸಬೇಡಿ, ಬಿಚ್ಚಲೂ ಬೇಡಿ. ಗಂಟು ಬಂದಾಗ ಅದನ್ನು ಬಟ್ಟೆಯ ಹಿಂಬದಿಗೆ ತಳ್ಳಿ, ಅದರ ಗಿಡ್ಡ ತುದಿಗಳನ್ನು ಮುಂದಿನ ಕೆಲವು ಹೊಲಿಗೆಗಳ ಒಳಗೆ ಸೇರಿಸಿ ಹೆಣೆದುಬಿಟ್ಟರೆ ಸಾಕು. ಎಲ್ಲ ಎಳೆಗಳೂ ಒಂದೇ ಕಡೆ ತುಂಡಾಗಿ, ಗಂಟಿನ ಆಚೆಗೆ ಬಣ್ಣ ಹಾರಿದ್ದರೆ ಅಥವಾ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದ್ದರೆ ಅದು ಮಾತ್ರ ತಯಾರಿಕೆಯ ದೋಷ. ಇಂಥದ್ದನ್ನು ಹೆಣಿಗೆ ಶುರುಮಾಡುವ ಮೊದಲೇ ಕಂಡುಹಿಡಿಯಬೇಕೆಂದರೆ ಕೇಕನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕಾಗುತ್ತದೆ. ಆರ್ಡರಿನ ಕೆಲಸವಾದರೆ ಆ ಶ್ರಮ ಸಾರ್ಥಕ. ಹುರಿಯಿಲ್ಲದ ಎಳೆಗಳ ನಡುವೆ ಸೂಜಿ ತೂರಿಕೊಳ್ಳುವುದು ಈ ನೂಲಿನ ಇನ್ನೊಂದು ಕಾಟ. ಚೂಪು ಮೂತಿಯ ಕ್ರೋಶಾ ಸೂಜಿ ಬಿಟ್ಟು, ಮೂತಿ ದುಂಡಗಿರುವ, ಕೊಕ್ಕೆ ಆಳವಾಗಿರುವ ಸೂಜಿ ಕೊಡಿ. ಹೊಸಬರಲ್ಲಿ ನಾಲ್ಕು ಎಳೆಗಳಲ್ಲಿ ಮೂರನ್ನು ಮಾತ್ರ ಎಳೆದುಕೊಂಡು ಒಂದನ್ನು ಹಿಂದೆ ಬಿಡುವುದು ಸಾಮಾನ್ಯ. ಹಾಗೆ ಬಿಟ್ಟ ಎಳೆ ಸಣ್ಣ ಕುಣಿಕೆಯಾಗಿ ಮೇಲೆದ್ದು ಮುಂದೆ ಬಳೆಗೂ ಕಾಲುಂಗುರಕ್ಕೂ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಾಲು ಮುಗಿದ ಕೂಡಲೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಿ.

ಈಗ ನಿಮ್ಮ ಶಾಲಿನ ಲೆಕ್ಕಕ್ಕೆ ಬರುತ್ತೇನೆ. 1000 ಮೀಟರಿನ ಕೇಕಿನಲ್ಲಿ ಆರು ಬಣ್ಣಗಳು ಸಮನಾಗಿದ್ದರೆ ಒಂದೊಂದಕ್ಕೆ ಸುಮಾರು 167 ಮೀಟರ್ ಬರುತ್ತದೆ. ತ್ರಿಕೋನ ಶಾಲನ್ನು ತುದಿಯಿಂದ ಶುರುಮಾಡಿದಾಗ ಮೊದಲ ಸಾಲುಗಳು ಗೇಣುದ್ದವೂ ಇರುವುದಿಲ್ಲ. ಅಲ್ಲಿ 167 ಮೀಟರ್ ನೂಲು ಮುಗಿಯಲು ಬಹಳ ಸಾಲುಗಳು ಬೇಕು. ಕೊನೆಯ ಸಾಲುಗಳು ಒಂದೂವರೆ ಮೀಟರಿಗೂ ಅಗಲ. ಅಲ್ಲಿ ಒಂದು ಸಾಲಿಗೇ ನಾಲ್ಕೈದು ಮೀಟರ್ ಹೋಗುತ್ತದೆ. ತ್ರಿಕೋನದ ವಿಸ್ತೀರ್ಣ ಅದರ ಆಳದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಇದನ್ನು ಕರಾರುವಾಕ್ಕಾಗಿ ಹೇಳಬಹುದು. ಶಾಲಿನ ಆಳ 90 ಸೆಂಟಿಮೀಟರ್ ಇದ್ದರೆ ಮೊದಲ ಬಣ್ಣ 36.7 ಸೆಂಟಿಮೀಟರ್ ಆಕ್ರಮಿಸುತ್ತದೆ, ಎರಡನೆಯದು 15.2, ಮೂರನೆಯದು 11.7, ನಾಲ್ಕನೆಯದು 9.8, ಐದನೆಯದು 8.7, ಆರನೆಯದು 7.8. ನೀವು ಬರೆದ ‘ಹೆಚ್ಚುಕಡಿಮೆ ಅರ್ಧ’ ಮತ್ತು ‘ನಾಲ್ಕು ಬೆರಳು’ ಎರಡೂ ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತವೆ. ನಿಮ್ಮ ಕೈ ಬಹಳ ಸಮವಾಗಿದೆ ಎಂಬುದಕ್ಕೆ ಇದೇ ಸಾಕ್ಷಿ. ನಡುವಿನಿಂದ ಹೊರಕ್ಕೆ ಬೆಳೆಯುವ ದುಂಡು ಹಾಸು, ಮೇಜಿನ ಹೊದಿಕೆ ಮುಂತಾದವುಗಳಲ್ಲೂ ಇದೇ ಅನುಪಾತ ಬರುತ್ತದೆ. ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕದ ಹೊದಿಕೆಯಲ್ಲಿ ಸಾಲು ಅರ್ಧದವರೆಗೆ ಬೆಳೆದು ಆಮೇಲೆ ಕಿರಿದಾಗುವುದರಿಂದ ಎರಡೂ ಕೊನೆಯ ಬಣ್ಣಗಳು ತಲಾ ಕರ್ಣದ ನೂರರಲ್ಲಿ 29ರಷ್ಟು ಭಾಗ ಹಿಡಿದು, ನಡುವಿನ ಎರಡು ಬಣ್ಣಗಳು ತಲಾ 9ರಷ್ಟಕ್ಕೆ ಇಳಿಯುತ್ತವೆ.

ಪರಿಹಾರಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಆಯತಾಕಾರದ ಶಾಲು. ಸಾಲಿನ ಅಗಲ ಬದಲಾಗುವುದಿಲ್ಲವಾದ್ದರಿಂದ ಪಟ್ಟಿಗಳು ಸಮವಾಗಿ ಬರುತ್ತವೆ. ತ್ರಿಕೋನವೇ ಬೇಕೆಂದರೆ ತುದಿಯ ಭಾಗವನ್ನು ಸಾದಾ ಬಣ್ಣದ ನೂಲಿನಿಂದ ಹೆಣೆದು, ಆಮೇಲೆ ಕೇಕನ್ನು ಸೇರಿಸಿ. ಇಲ್ಲಿ ವರ್ಗದ ಲೆಕ್ಕ ನಮ್ಮ ನೆರವಿಗೇ ಬರುತ್ತದೆ: ಶಾಲಿನ ಅರ್ಧ ಆಳಕ್ಕೆ ಬೇಕಾಗುವುದು ಒಟ್ಟು ನೂಲಿನ ನಾಲ್ಕನೇ ಒಂದು ಭಾಗ ಮಾತ್ರ. 250 ಗ್ರಾಂ ಕೇಕಿಗೆ ಅದೇ ದಪ್ಪದ ಸಾದಾ ನೂಲು ಸುಮಾರು 83 ಗ್ರಾಂ ಕೂಡಿಸಿದರೆ, 90 ಸೆಂಟಿಮೀಟರ್ ಆಗಬೇಕಿದ್ದ ಶಾಲು 104ರವರೆಗೆ ಬೆಳೆಯುತ್ತದೆ. ಅದರಲ್ಲಿ ಮೊದಲ 52 ಸಾದಾ, ಅನಂತರದ ಆರು ಪಟ್ಟಿಗಳು 11.7ರಿಂದ 6.7ರವರೆಗೆ ನಿಧಾನವಾಗಿ ಇಳಿಯುತ್ತವೆ. ಮೊದಲಿನಂತೆ ಒಂದಕ್ಕೆ ಐದರಷ್ಟು ಅಂತರ ಉಳಿಯುವುದಿಲ್ಲ, ಎರಡು ಪಟ್ಟಿಗೂ ಕಡಿಮೆಯಾಗುತ್ತದೆ.

ಕೇಕಿನ ಯಾವ ತುದಿಯಿಂದ ಶುರುಮಾಡಬೇಕು ಎಂಬುದು ಚಿಕ್ಕ ಪ್ರಶ್ನೆಯಂತೆ ಕಂಡರೂ ಶಾಲಿನ ರೂಪವನ್ನೇ ನಿರ್ಧರಿಸುತ್ತದೆ. ಮೊದಲು ಬಂದ ಬಣ್ಣ ಶಾಲನ್ನು ಆಳುತ್ತದೆ, ಕೊನೆಗೆ ಬಂದದ್ದು ಅಂಚಾಗುತ್ತದೆ. ಗ್ರಾಹಕರು ಮೆಚ್ಚಿದ ಬಣ್ಣ ಒಳತುದಿಯಲ್ಲಿದೆಯೋ ಹೊರತುದಿಯಲ್ಲಿದೆಯೋ ನೋಡಿ, ಅದನ್ನೇ ಮೊದಲು ಹಿಡಿಯಿರಿ. ಒಳಗಿನಿಂದ ಎಳೆಯುತ್ತ ಹೋದರೆ ಕೊನೆಯಲ್ಲಿ ಕೇಕ್ ಟೊಳ್ಳಾಗಿ ಕುಸಿದು ಸಿಕ್ಕುಗಟ್ಟುತ್ತದೆ. ನೂಲು ಕಾಲುಭಾಗಕ್ಕೆ ಬಂದಾಗ ಉಳಿದದ್ದನ್ನು ಕೈಯಿಂದ ಸಣ್ಣ ಉಂಡೆ ಮಾಡಿಕೊಂಡರೆ ಆ ತೊಂದರೆ ತಪ್ಪುತ್ತದೆ. ಮೊದಲೇ ಬಿಚ್ಚಿ ಸುತ್ತಿದ್ದರೆ ಒಳತುದಿ ಹೊರಗೆ, ಹೊರತುದಿ ಒಳಗೆ ಹೋಗಿರುತ್ತದೆ ಎಂಬುದು ಗಮನದಲ್ಲಿರಲಿ.

ಸ್ವೆಟರಿಗೆ ಈ ನೂಲನ್ನು ನಾನು ಸುಲಭವಾಗಿ ಶಿಫಾರಸು ಮಾಡುವುದಿಲ್ಲ. ಮುಂದೆ ತೆರೆಯುವ ಸ್ವೆಟರಿನಲ್ಲಿ ಬೆನ್ನು ಮುಂಭಾಗದ ಒಂದು ಪಾಲಿನ ಎರಡು ಪಟ್ಟು ಅಗಲವಿರುವುದರಿಂದ ಬಿಡಿಬಿಡಿಯಾಗಿ ಹೆಣೆದರೆ ಬೆನ್ನಿನ ಪಟ್ಟಿಗಳು ಮುಂಭಾಗದ ಪಟ್ಟಿಗಳ ಅರ್ಧದಷ್ಟೇ ಆಗುತ್ತವೆ, ಪಕ್ಕದ ಹೊಲಿಗೆಯಲ್ಲಿ ಬಣ್ಣಗಳು ಕೂಡುವುದಿಲ್ಲ. ಒಂದೇ ಕೇಕನ್ನು ತೂಕ ಮಾಡಿ ಎರಡು ಪಾಲು ಮಾಡಿದರೂ ಪ್ರಯೋಜನವಿಲ್ಲ. ಮೊದಲ ಪಾಲಿನಲ್ಲಿರುವ ಬಣ್ಣಗಳು ಎರಡನೆಯದರಲ್ಲಿ ಇರುವುದೇ ಇಲ್ಲ. ಮಾಡಲೇಬೇಕೆಂದರೆ ಮುಂಭಾಗ, ಬೆನ್ನು, ಮತ್ತೆ ಮುಂಭಾಗ ಮೂರನ್ನೂ ಒಂದೇ ಸಾಲಿನಲ್ಲಿ ಕಂಕುಳವರೆಗೆ ಹೆಣೆದು, ತೋಳುಗಳನ್ನು ಸಾದಾ ಬಣ್ಣದಲ್ಲಿ ಮಾಡಿಬಿಡಿ.

ಹೊಲಿಗೆಯ ಆಯ್ಕೆಯಲ್ಲಿ ಸಂಯಮ ಬೇಕು. ಬಣ್ಣವೂ ಬದಲಾಗುತ್ತ, ಹೊಲಿಗೆಯೂ ಬದಲಾಗುತ್ತ ಹೋದರೆ ಕಣ್ಣಿಗೆ ಎರಡೂ ದಕ್ಕುವುದಿಲ್ಲ. ಎರಡು ಸೂಜಿಯ ಹೆಣಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣುವ ಸಾದಾ ಹೊಲಿಗೆ, ಕ್ರೋಶಾದಲ್ಲಿ ಒಂದು ಸಿಂಗಲ್ ಕ್ರೋಶಾ, ಒಂದು ಸರಪಳಿ ಹೊಲಿಗೆ ಎಂಬ ಕ್ರಮದಲ್ಲಿ ಸಾಗಿ, ಪ್ರತಿ ಹೊಲಿಗೆಯನ್ನೂ ಕೆಳಗಿನ ಸಾಲಿನ ಸರಪಳಿಯ ಜಾಗಕ್ಕೆ ಇಳಿಸುವ ಹೆಣಿಗೆ ಇದಕ್ಕೆ ಬಹಳ ಒಪ್ಪುತ್ತವೆ. ಎರಡನೆಯದರಲ್ಲಿ ಮೇಲಿನ ಸಾಲಿನ ಬಣ್ಣ ಕೆಳಗಿನ ಸಾಲಿನೊಳಗೆ ಇಳಿದು ಬರುವುದರಿಂದ ಬದಲಾವಣೆ ಇನ್ನೂ ನಯವಾಗುತ್ತದೆ. ಕೇಕಿನಲ್ಲಿ ಬಣ್ಣ ತಟ್ಟನೆ ಬದಲಾಗುವ ಜಾಗಗಳಿದ್ದರೆ ಅವನ್ನು ಮರೆಮಾಡಲು ಇದೇ ಒಳ್ಳೆಯ ದಾರಿ. ಎರಡು ಸಾಲು ಕೇಕ್, ಎರಡು ಸಾಲು ಕಪ್ಪು ಅಥವಾ ಕಡುನೀಲಿ ಎಂದು ಹೆಣೆದರೆ ಅದರ ಸೊಗಸೇ ಬೇರೆ. ಸ್ಥಿರವಾದ ಗಾಢ ಬಣ್ಣದ ಪಕ್ಕದಲ್ಲಿ ತಿರುಗುವ ಬಣ್ಣದ ಚಲನೆ ಸ್ಪಷ್ಟವಾಗಿ ಕಾಣುತ್ತದೆ, ಕೇಕೂ ಎರಡು ಪಟ್ಟು ದೂರ ಬರುತ್ತದೆ.

ಊರಿನ ಹವೆಯ ವಿಷಯ. ಬಾಗಲಕೋಟೆ, ವಿಜಯಪುರಗಳಲ್ಲಿ ಉಣ್ಣೆಯ ಶಾಲು ಹೊದೆಯುವ ಚಳಿ ವರ್ಷದಲ್ಲಿ ಕೆಲವೇ ವಾರ. ಅಲ್ಲಿಗೆ ಹತ್ತಿ, ಇಲ್ಲವೇ ಹತ್ತಿಯ ಪಾಲು ಅರ್ಧಕ್ಕಿಂತ ಹೆಚ್ಚಿರುವ ಮಿಶ್ರಣ ಸರಿ. ನಾನಿರುವ ಬೆಳಗಾವಿಯ ಸಂಗತಿ ಬೇರೆ. ಇಲ್ಲಿ ಮಳೆಗಾಲವಿಡೀ ಗಾಳಿ ತಂಪು, ಬಟ್ಟೆ ಒಣಗುವುದೇ ಕಷ್ಟ. ಹತ್ತಿಯ ದಪ್ಪ ಶಾಲು ನೀರು ಕುಡಿದು ಭಾರವಾಗಿ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಲುಧಿಯಾನದಿಂದ ಬರುವ ಅಕ್ರಿಲಿಕ್ ನೂಲು ಇಲ್ಲಿ ಹೆಚ್ಚು ಓಡುವುದಕ್ಕೆ ಬೆಲೆಯ ಜೊತೆಗೆ ಬೇಗ ಒಣಗುವ ಗುಣವೂ ಕಾರಣ. ನಿಮ್ಮ ಗ್ರಾಹಕರು ಬೆಳಗಾವಿಯ ಕಡೆಯವರಾಗಿದ್ದರೆ ಇದನ್ನು ಕೇಳಿಯೇ ನೂಲು ತರಿಸಿ.

ಕೊಳ್ಳುವಾಗ ತೂಕವನ್ನಷ್ಟೇ ನೋಡಿದರೆ ಸಾಲದು, ಮೀಟರನ್ನೂ ನೋಡಬೇಕು. 250 ಗ್ರಾಮಿಗೆ 1000 ಮೀಟರ್ ಎಂದರೆ ಗ್ರಾಮಿಗೆ ನಾಲ್ಕು ಮೀಟರ್. ಅದು ಸಣ್ಣ ನೂಲು, 2.5ರಿಂದ 3.5 ಮಿಲಿಮೀಟರ್ ಕ್ರೋಶಾ ಸೂಜಿಗೆ ಹೊಂದುವಂಥದ್ದು. ಅದೇ ತೂಕಕ್ಕೆ 500 ಮೀಟರ್ ಬರೆದಿದ್ದರೆ ನೂಲು ದಪ್ಪ, ಶಾಲು ಚಿಕ್ಕದು. ಲೇಬಲಿನಲ್ಲಿ ಮೀಟರ್ ಬರೆಯದ ಕೇಕನ್ನು ಆರ್ಡರಿನ ಕೆಲಸಕ್ಕೆ ಕೊಳ್ಳಲೇಬೇಡಿ, ಏಕೆಂದರೆ ಅದು ಎಲ್ಲಿಯವರೆಗೆ ಬರುತ್ತದೆಂದು ಹೇಳುವ ದಾರಿಯೇ ಇಲ್ಲ. ಗ್ರೇಡಿಯಂಟ್ ಶಾಲು ಕೊನೆಯ ಬಣ್ಣ ಬರುವ ಮೊದಲೇ ನಿಂತರೂ ಕೆಟ್ಟದ್ದು, ಅಂಚು ಕಟ್ಟುವಷ್ಟರಲ್ಲಿ ನೂಲು ಮುಗಿದರೂ ಕೆಟ್ಟದ್ದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕೊನೆಕೊನೆಯ ಒಂದು ಸಾಲಿನ ಮೊದಲು ಮತ್ತು ಅನಂತರ ಕೇಕನ್ನು ತೂಗಿದರೆ ಒಂದು ಸಾಲಿಗೆ ಎಷ್ಟು ಗ್ರಾಂ ಹೋಗುತ್ತದೆಂದು ತಿಳಿಯುತ್ತದೆ, ಉಳಿದದ್ದರಲ್ಲಿ ಎಷ್ಟು ಸಾಲು, ಯಾವಾಗ ಅಂಚು ಎಂಬುದನ್ನು ಅಲ್ಲಿಂದ ಎಣಿಸಬಹುದು. ಎರಡು ಸೂಜಿಯ ಹೆಣಿಗೆಯಲ್ಲಿ ಹೊಲಿಗೆಗಳನ್ನು ಮುಚ್ಚಲು ಅಂಚಿನ ಅಗಲದ ಕನಿಷ್ಠ ಮೂರು ಪಟ್ಟು ನೂಲು ತೆಗೆದಿಡಬೇಕು, ಅಂಚು ಹಿಗ್ಗಬೇಕಾದರೆ ಇನ್ನೂ ಹೆಚ್ಚು.

ನಿಮಗೆ ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೊಂದಿದೆ: ಗ್ರೇಡಿಯಂಟನ್ನು ನೀವೇ ಮಾಡಿಕೊಳ್ಳಿ. ಕಂಪನಿಯವರು ಮಾಡುವುದು ಎಳೆ ಬದಲಿಸುವ ಕೆಲಸವೆಂದಾದರೆ ಅದನ್ನು ಮಾಡಲು ನಿಮಗೆ ಯಾವ ಯಂತ್ರವೂ ಬೇಕಿಲ್ಲ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಂಥ ನೇಕಾರಿಕೆಯ ಊರುಗಳು ನಿಮ್ಮ ಜಿಲ್ಲೆಯಲ್ಲೇ ಇವೆ, ಬಣ್ಣದ ಹತ್ತಿ ನೂಲಿನ ಲಡಿಗಳು ಅಲ್ಲಿ ಸಿಗುತ್ತವೆ. ನೇಯ್ಗೆಯ ನೂಲು ತೀರ ಸಣ್ಣದಾದ್ದರಿಂದ ಎರಡು ಮೂರು ನೂಲು ಕೂಡಿಸಿ ಒಂದು ಎಳೆಯೆಂದು ಎಣಿಸಬೇಕು, ಗಂಜಿ ಹಾಕದ ನೂಲನ್ನೇ ಕೇಳಿ ತರಬೇಕು. ಕಡುಗೆಂಪು ಮತ್ತು ಹಳದಿ ಎಂಬ ಎರಡೇ ಬಣ್ಣ ತೆಗೆದುಕೊಂಡರೂ ನಾಲ್ಕು ಎಳೆಗಳಿಂದ ಐದು ಮೆಟ್ಟಿಲು ಸಿಗುತ್ತವೆ: ನಾಲ್ಕೂ ಕೆಂಪು, ಮೂರು ಕೆಂಪು ಒಂದು ಹಳದಿ, ಎರಡು ಎರಡು, ಒಂದು ಕೆಂಪು ಮೂರು ಹಳದಿ, ನಾಲ್ಕೂ ಹಳದಿ. ಮೂರನೆಯ ಬಣ್ಣ ಸೇರಿಸಿದರೆ ಮೆಟ್ಟಿಲು ಒಂಬತ್ತಾಗುತ್ತವೆ.

ಇದರ ನಿಜವಾದ ಲಾಭವೆಂದರೆ ಪ್ರತಿ ಮೆಟ್ಟಿಲಿನ ಉದ್ದವನ್ನು ನೀವೇ ನಿರ್ಧರಿಸಬಹುದು. ತ್ರಿಕೋನ ಶಾಲಿನಲ್ಲಿ ಪಟ್ಟಿಗಳೆಲ್ಲ ಸಮ ಅಗಲವಾಗಿ ಬರಬೇಕಾದರೆ ನೂಲನ್ನು 1, 3, 5, 7, 9 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿ ಹಂಚಬೇಕು. 500 ಮೀಟರಿನ ಶಾಲಿಗೆ ಐದು ಮೆಟ್ಟಿಲಾದರೆ 20, 60, 100, 140, 180 ಮೀಟರ್. ಯಾವ ಕಂಪನಿಯ ಸಮ ಹಂಚಿಕೆಯ ಕೇಕೂ ಕೊಡಲಾರದ ತ್ರಿಕೋನ ಇದು. ನಿಮ್ಮ ವಿದ್ಯಾರ್ಥಿನಿಯರಲ್ಲಿ ಲೆಕ್ಕದಲ್ಲಿ ಆಸಕ್ತಿಯಿರುವವರಿಗೆ ಈ ಕೆಲಸವನ್ನೇ ಕೊಡಿ. ಒಂದು ಶಾಲು ಹೀಗೆ ಹೆಣೆದವರಿಗೆ ಆಮೇಲೆ ಯಾವ ಕೇಕ್ ಕೊಟ್ಟರೂ ಅದು ಎಂಥ ಬಟ್ಟೆಯಾಗುತ್ತದೆಂದು ಮೊದಲೇ ಕಾಣತೊಡಗುತ್ತದೆ.

ಒಗೆಯುವುದರ ಬಗ್ಗೆ ಒಂದು ತಪ್ಪು ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಣ್ಣ ಬಿಡದಿರಲೆಂದು ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲಿ, ಇಲ್ಲವೇ ವಿನೆಗರಿನಲ್ಲಿ ನೆನೆಸಿಡುತ್ತಾರೆ. ಬಣ್ಣ ಹಾಕುವಾಗ ಹತ್ತಿಗೆ ಉಪ್ಪೂ ಉಣ್ಣೆಗೆ ಆಮ್ಲವೂ ಬೇಕೆಂಬುದು ನಿಜ, ಆದರೆ ಸರಿಯಾಗಿ ಕಟ್ಟದ ಬಣ್ಣವನ್ನು ಆಮೇಲೆ ಹತ್ತಿಗೆ ಅಂಟಿಸುವ ಶಕ್ತಿ ಇವುಗಳಿಗಿಲ್ಲ. ಒಂದೇ ಬಟ್ಟೆಯಲ್ಲಿ ಕಡುಬಣ್ಣವೂ ಬಿಳಿಯೂ ಇರುವ ಗ್ರೇಡಿಯಂಟಿನಲ್ಲಿ ಇದು ಮುಖ್ಯವಾಗುತ್ತದೆ. ಕಡುಬಣ್ಣದ ತುದಿಯಿಂದ ಒಂದು ಗೇಣು ನೂಲನ್ನು ಒದ್ದೆ ಮಾಡಿ ಬಿಳಿ ಹತ್ತಿಬಟ್ಟೆಯಲ್ಲಿ ಒತ್ತಿ ನೋಡಿ. ಕಲೆ ಹತ್ತಿದರೆ ಆ ಕೇಕನ್ನು ಪರದೆಗೋ ಬಾಗಿಲ ತೋರಣಕ್ಕೋ ಬಳಸಿ, ಒಗೆಯುವ ಬಟ್ಟೆಗೆ ಬೇಡ. ಅಕ್ರಿಲಿಕ್ ಇರುವ ಯಾವುದಕ್ಕೂ ಬಿಸಿ ಇಸ್ತ್ರಿ ತಗಲಿಸಬಾರದು. ಹೊಲಿಗೆಗಳು ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ.

ಕೊನೆಯದಾಗಿ ಕುಂಚಿಗೆ. ಆಕಾರದ ದೃಷ್ಟಿಯಿಂದ ಕುಂಚಿಗೆಗೆ ಕೇಕ್ ನೂಲು ಚೆನ್ನಾಗಿ ಒಪ್ಪುತ್ತದೆ. ಖಣದ ಕುಂಚಿಗೆಯಂತೆಯೇ ಇದೂ ಮೂಲದಲ್ಲಿ ಒಂದು ಆಯತ. ನೆತ್ತಿಯ ಬಳಿ ಮಡಿಸಿ ಹೊಲಿದರೆ ಉಳಿದದ್ದು ಬೆನ್ನ ಮೇಲೆ ಇಳಿಯುತ್ತದೆ, ಬಣ್ಣದ ಪಟ್ಟಿಗಳು ಸಮವಾಗಿ ಬರುತ್ತವೆ. ಆದರೆ ನೂಲು ಪೂರ್ತಿ ಹತ್ತಿಯದೇ ಆಗಿರಲಿ. ನಮ್ಮ ಕಡೆ ಎರಕೊಂಡ ಮಗುವಿಗೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುವ ರೂಢಿ ಇನ್ನೂ ಇದೆ, ಕುಂಚಿಗೆಯನ್ನೂ ಅದೇ ಹೊಗೆಗೆ ಹಿಡಿಯುತ್ತಾರೆ. ಅಕ್ರಿಲಿಕ್ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುವ ವಸ್ತು. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಆರ್ಡರು ಕೊಟ್ಟ ತಾಯಿಗೆ, ಅದಕ್ಕಿಂತ ಮುಖ್ಯವಾಗಿ ಮಗುವಿಗೆ ಎರೆಯುವ ಅಜ್ಜಿಗೆ, ನೂಲು ಹತ್ತಿಯದಾದರೂ ಮೊದಲು ಕೆಂಡ ಸರಿಸಿ ಆಮೇಲೆ ಕುಂಚಿಗೆ ತೊಡಿಸಬೇಕೆಂದು ಬಾಯಿಬಿಟ್ಟು ಹೇಳಿ. ಮಗುವಿನ ಬೆರಳು ತೂರುವಂಥ ಜಾಲರಿ ಹೊಲಿಗೆ ಬೇಡ, ಗಲ್ಲದ ಕೆಳಗಿನ ಲಾಡಿ ಒಂದು ಗಂಟಿಗೆ ಸಾಲುವಷ್ಟೇ ಇರಲಿ. ಎಳೆ ಬದಲಾದ ಕಡೆಯ ಗಂಟುಗಳು ನೆತ್ತಿಗೆ ತಾಗದಂತೆ ತಲೆಯ ಭಾಗಕ್ಕೆ ಮೆತ್ತನೆಯ ಹಳೆಯ ಹತ್ತಿಬಟ್ಟೆಯ ಒಳಪದರ ಹೊಲಿಯಿರಿ, ಕೊಡುವ ಮೊದಲು ನೀವೇ ಒಮ್ಮೆ ಒಗೆದು ನೆರಳಿನಲ್ಲಿ ಹಾಸಿ ಒಣಗಿಸಿ.